ಕೇಳಿದಾಗ ಎತ್ತುವ ಬೆರಳು

ಕಿವಿಯ ವಿಷಯದಲ್ಲಿ ಬಾಯಿ ಬಿಡುವ ಯೋಗ್ಯತೆ ನಮ್ಮ ಆಸ್ಪತ್ರೆಯಲ್ಲಿ ಯಾರಿಗಾದರೂ ಇದ್ದರೆ ಅದು ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರಿಗೂ ‘ಕಿವಿ ಮೇಷ್ಟ್ರು’ ಆಗಿರುವ ನನ್ನ ಗುರುಗಳಿಗೆ. ಮೂವತ್ತನಾಲ್ಕು ವರ್ಷ ಅವರು ಶ್ರವಣ ಪರೀಕ್ಷೆಯ ಕೋಣೆಯ ಗಾಜಿನ ಈಚೆ ಕುಳಿತು ಗುಂಡಿ ಒತ್ತಿದರು. ಆಚೆ ಕುಳಿತವರು ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿದರು.

ಒಕ್ಕಲು ಮನೆತನದಿಂದ ಬಂದ ಅವರ ಪಾಠಕ್ಕೂ ಹೊಲದ ವಾಸನೆಯಿತ್ತು. ಕಿವಿಯ ತಮಟೆ, ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ಕುದುರೆ ಜೀನಿನ ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು, ಇನ್ನೂ ಒಳಗೆ ಬದುವಿನ ಬಸವನಹುಳುವಿನಂತೆ ಸುತ್ತಿಕೊಂಡ ನಾಳ, ಅದರ ದ್ರವದಲ್ಲಿ ಪೈರಿನಂತೆ ತೂಗುವ ಸಾವಿರಾರು ಎಳೆಗಳು. “ಗಾಳಿಗೆ ಮಲಗಿದ ಪೈರು ಎದ್ದರೂ ಎದ್ದೀತು, ಇದು ಮಲಗಿದರೆ ಏಳಲ್ಲ” ಎನ್ನುತ್ತಿದ್ದರು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದಕ್ಕೆ ಒಳಗೆ ದಾರಿಯೇ ಇಲ್ಲವೆಂದು ತರಗತಿಯಲ್ಲಿ ತೂಕಡಿಸುವ ನಮ್ಮಂಥ ವಿದ್ಯಾರ್ಥಿಗಳನ್ನು ಎಚ್ಚರಿಸುತ್ತಿದ್ದರು.

ಹಿಟ್ಟಿನ ಗಿರಣಿಯ ಮುದುಕರೊಬ್ಬರನ್ನು ಸೊಸೆ ಕರೆತಂದು, ಮಾವನಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆಂದು ದೂರಿದಳು. ಮೇಷ್ಟ್ರು ಬೈಯಲಿಲ್ಲ, ಅವಳ ಎರಡೂ ಕಿವಿಗೆ ಅರಳೆ ತುರುಕಿಸಿ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಹೊರಡುವಾಗ ಅವಳು ಮಾವನ ಎದುರಿಗೆ ಬಂದು ನಿಂತು, ಮುಖ ಕಾಣುವಂತೆ ನಿಧಾನವಾಗಿ ಮಾತಾಡಿದಳು.

ಪತ್ನಿ ತೀರಿಕೊಂಡ ಮೇಲೆ ಅವರು ಮನೆಗೆ ಹೊರಡುವುದು ದಿನದಿನಕ್ಕೂ ತಡವಾಯಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಕಳೆದ ವರ್ಷ, ಅವರ ಜೊತೆ ಕೆಲಸ ಮಾಡುತ್ತಿದ್ದ ನಾನು ಹಠ ಹಿಡಿದು ಅವರನ್ನೇ ಗಾಜಿನ ಆಚೆ ಕೂರಿಸಿದೆ. ಕಿವಿ ಕೇಳದೆಂದು ಗೊತ್ತಾದರೆ ಪರೀಕ್ಷಕರ ಕುರ್ಚಿ ಹೋಗುತ್ತದೆ. ಆ ಕುರ್ಚಿ ಬಿಟ್ಟರೆ ಅವರಿಗೆ ಉಳಿದದ್ದು ಖಾಲಿ ಮನೆ. ಬೆರಳು ಲಯ ತಪ್ಪದೆ ಏಳುತ್ತಿತ್ತು. ಅನುಮಾನ ಬಂದು ನಾನು ಗುಂಡಿಯಿಂದ ಕೈ ತೆಗೆದೆ. ಬೆರಳು ಮತ್ತೂ ಎದ್ದಿತು.

ಒಳಗೆ ಹೋಗಿ, ಎದುರಿಗೆ ನಿಂತು, “ಸರ್, ನಾನು ಒತ್ತಲೇ ಇಲ್ಲ” ಎಂದೆ.

ಅವರು ತಮ್ಮ ಬೆರಳನ್ನೇ ನೋಡಿಕೊಂಡರು. “ಮೋಸ ಅಲ್ಲಮ್ಮ. ಮನೇಲೂ ಹೀಗೇ. ಅವಳು ಅಡುಗೆಮನೆಯಿಂದ ಕರೆದ ಹಾಗಾಗುತ್ತೆ, ‘ಬಂದೆ’ ಅಂತ ಎದ್ದುಬಿಡ್ತೀನಿ.”

ಮರುದಿನ ತಾವೇ ಹಿರಿಯ ವೈದ್ಯರಿಗೆ ವಿಷಯ ತಿಳಿಸಿ, ಕುರ್ಚಿಯನ್ನು ನನಗೆ ಬಿಟ್ಟು, ಕಿವಿಗೆ ಯಂತ್ರ ಹಾಕಿಕೊಂಡು ಪಾಠಕ್ಕಷ್ಟೇ ಉಳಿದರು. ಈ ಲೇಖನಕ್ಕೆ ಅನುಮತಿ ಬೇಡಿದಾಗ, “ಅದನ್ನೂ ಬರಿ. ಬರೀ ಹೊಗಳಿದರೆ ಹಿತ್ತಾಳೆ ಕಿವಿಯವರು ಮಾತ್ರ ನಂಬ್ತಾರೆ” ಎಂದರು.

ಗುರುಗಳು ನೂರು ವರ್ಷ ಬಾಳಲಿ, ವಾರಕ್ಕೊಮ್ಮೆಯಾದರೂ ಬಂದು ಪಾಠ ಹೇಳಲಿ. ಇನ್ನು ಮುಂದೆ ಅವರು ‘ಬಂದೆ’ ಎಂದು ಎದ್ದಾಗಲೆಲ್ಲ, ಕರೆದವರೊಬ್ಬರು ಬಾಗಿಲಾಚೆ ನಿಜವಾಗಿಯೂ ಇರಲಿ.