ಟ್ಯಾಕ್ಸಿ ಸಿಪ್ರಿಯನ್‌ನ ಹೌಸಿ
ಕೊಲ್ಲಿ ನಾಡಿನಲ್ಲಿ ಟ್ಯಾಕ್ಸಿ ಓಡಿಸುವ ಮಂಗಳೂರಿನ ಸಿಪ್ರಿಯನ್‌ಗೆ, ಕೂಗಿದ ಸಂಖ್ಯೆಗಳನ್ನು ಟಿಕೆಟ್‌ನಲ್ಲಿ ಹೊಡೆಯುತ್ತಾ ಹೋಗುವ ಹೌಸಿ ಆಟವೆಂದರೆ ಹುಚ್ಚು. ಶುವೈಖ್‌ನ ಸಿಗ್ನಲ್‌ನಲ್ಲಿ ನಿಂತರೆ ಮುಂದಿನ ಕಾರಿನ ನಂಬರನ್ನೂ ಹೌಸಿಯ ಅಡ್ಡಹೆಸರು ಸೇರಿಸಿ ಕೂಗಿಯೇ ಓದುತ್ತಾನೆ: “ಎಂಬತ್ತೆಂಟು! ಟೂ ಫ್ಯಾಟ್ ಲೇಡೀಸ್, ಮಾರಾಯ್ರೆ!” ಊರವರ ಕೂಟಗಳಲ್ಲಿ ಎಲ್ಲರಿಗಿಂತ ಮೊದಲು ಟಿಕೆಟ್ ಹಿಡಿದು ಕೂರುತ್ತಾನೆ, ಆದರೆ ಗೆದ್ದರೂ ಬಹುಮಾನ ಮಾತ್ರ ಮುಟ್ಟುವುದಿಲ್ಲ. “ಲೈಸೆನ್ಸ್ ಫೀಸ್ ಏರಿಸಲಿ ಮೇಡಂ, ಕೊಡುವ. ಗೆದ್ದದ್ದನ್ನು ಜೂಜು ಅಂತ ಪೊಲೀಸರು ಬರೆದ್ರೆ ಲೈಸೆನ್ಸೇ ಖಲಾಸ್!” ಎನ್ನುತ್ತಾನೆ, ಅವನ ಟ್ಯಾಕ್ಸಿಯಲ್ಲೇ ಓಡಾಡುವ ನನಗೆ. ಇದು ಜೂಜಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳುವವನಲ್ಲ. ಕಳೆದ ಶುಕ್ರವಾರದ ಕೂಟದಲ್ಲಿ ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ. ಅವನ ಟಿಕೆಟ್‌ನ ಕೊನೆಯ ಸಂಖ್ಯೆಯನ್ನೂ ಕೂಗಿದರು. ಟಿಕೆಟ್ ಪೂರ್ತಿ, ಫುಲ್ ಹೌಸ್! “ಹೌಸ್” ಎಂದು ಕೂಗಿದರೆ ಸಾಕು. ಬಹುಮಾನ, ಊರಿಗೆ ಹೋಗಿಬರುವ ವಿಮಾನ ಟಿಕೆಟ್. ಅವನು ಊರು ಕಂಡು ಆರು ವರ್ಷ. ಲೈಸೆನ್ಸ್ ನವೀಕರಣ ಅದೇ ವಾರ. ಸಿಪ್ರಿಯನ್ ಕೂಗದೆ ಟಿಕೆಟ್ ಮಡಚಿ ಜೇಬಿಗೆ ಹಾಕಿಕೊಂಡ. ಮುಂದಿನ ಸಂಖ್ಯೆಗೆ ಯಾರೋ ಹುಡುಗಿ “ಹೌಸ್!” ಎಂದು ಚೀರಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ.