ತಿರುವಿಗೊಬ್ಬರನ್ನು ನಿಲ್ಲಿಸುವ ಗುಡ್ಡದಣ್ಣ

ಬೆಳಕು ಹರಿಯುವ ಮೊದಲೇ ಗುಡ್ಡದಣ್ಣ ಗುಡ್ಡದ ನೆತ್ತಿಯ ಮೇಲೆ ಮಂಡಿಯೂರಿದ್ದಾರೆ. ಪ್ರಾರ್ಥನೆಯಲ್ಲ, ಕಲ್ಲು ಹೆಕ್ಕುವ ಕೆಲಸ. ದೂರದಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ; ಹತ್ತಿರ ಹೋದರೂ ಅಂಥ ವ್ಯತ್ಯಾಸವೇನಿಲ್ಲ. ಕಲ್ಲು ಹೆಕ್ಕಿ ಮುಗಿದ ಮೇಲೆ ಗಿಡಗಳಿಗೆ ಕಿತ್ತಳೆ ಬಣ್ಣದ ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಸೈಕಲ್ ಮೇಲೆ ಕೂತವರ ಕಣ್ಣಿಗೆ ಅದು ನೇರ ಸಿಗಬೇಕು. ಹಾಗಾಗಿ ಪ್ರತಿ ಗಿಡದ ಮುಂದೆಯೂ ಕಾಲು ಬಗ್ಗಿಸಿ, ಇಲ್ಲದ ಹ್ಯಾಂಡಲ್ ಹಿಡಿದು, ಇಲ್ಲದ ಸೀಟಿನ ಮೇಲೆ ಕೂತು ನೋಡುತ್ತಾರೆ. ಗುಡ್ಡಕ್ಕೆ ಮೇಯಲು ಬಂದ ಹಸುಗಳಿಗೂ ಈ ದೃಶ್ಯ ರೂಢಿಯಾಗಿದೆ.

ಇವತ್ತು ಗುಡ್ಡದ ಸೈಕಲ್ ಪಂದ್ಯ. ಕೆಳಗಿನ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿರುವ ಈ ಮನುಷ್ಯ, ಒಂದು ವರ್ಷವೂ ತಪ್ಪಿಸದೆ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಪಟ್ಟಿಗಳು ಮೊನ್ನೆಯವರೆಗೂ ಅವರ ಮನೆಯ ಕಿಟಕಿಯ ಪರದೆಯಾಗಿದ್ದವು.

"ಇವ್ರು ಪರದೆ ಹರ್ಕೊಂಡು ಹೋದ್ಮೇಲೆ ಎದುರುಮನೆಯವ್ರು ಟೀವಿ ಹಾಕೋದೇ ಬಿಟ್ಟಿದ್ದಾರೆ. ನಮ್ಮನೇನೇ ನೋಡ್ತಾರೆ," ಎನ್ನುತ್ತಾರೆ ಹೆಂಡತಿ.

ಮಗಳಿಗೆ ಸೈಕಲ್ ಕಲಿಸಲು ಗುಡ್ಡಕ್ಕೆ ಕರೆದೊಯ್ದು, ಅವಳು ಸಲೀಸಾಗಿ ಇಳಿದು, ತಾವೊಬ್ಬರೇ ಉರುಳಿಕೊಂಡು ಬಂದ ದಿನ ಶುರುವಾದ ಹುಚ್ಚಂತೆ ಇದು. ಹುಚ್ಚು ಒಬ್ಬರದಾದರೂ ಪಂದ್ಯಕ್ಕೆ ಹತ್ತಾರು ಜನ ಬೇಕು. ದಾರಿ ತಪ್ಪದಂತೆ ತಿರುವಿಗೊಬ್ಬರು ನಿಲ್ಲಲೇಬೇಕು. ಸಂಗೀತ, ದೀಪ, ಗಾಳಿ ತುಂಬಿದ ಕಮಾನು ಇರುವ ದೂರದ ದೊಡ್ಡ ಪಂದ್ಯಗಳಿಗೆ ಜನ ತಾವಾಗಿ ಹೋಗುತ್ತಾರೆ. ಇಲ್ಲಿ ಕಮಾನೆಂದರೆ ಒಂದಕ್ಕೊಂದು ಒರಗಿಸಿದ ಎರಡು ಏಣಿ. ಹಾಗಾಗಿ ಗುಡ್ಡದಣ್ಣ ಜನರನ್ನು ತಮ್ಮ ಕುರ್ಚಿಯಲ್ಲೇ ಹಿಡಿಯುತ್ತಾರೆ.

"ಅರ್ಧ ಗಡ್ಡ ಆಗಿತ್ತು. ಕತ್ತಿ ಗಂಟಲ ಹತ್ರ ಇಟ್ಕೊಂಡೇ ಭಾನುವಾರ ಬಿಡುವಿದ್ಯಾ ಸಾರ್ ಅಂದ್ರು," ಎಂದು ನೆನೆಯುತ್ತಾರೆ ಬ್ಯಾಂಕಿನ ಗುಮಾಸ್ತ. "ಇಲ್ಲ ಅನ್ನೋಕೆ ತಲೆ ಅಲ್ಲಾಡಿಸ್ಬೇಕಲ್ಲ. ಅದು ಸಾಧ್ಯ ಇರ್ಲಿಲ್ಲ."

"ನಾನೇನೂ ಹೆದರಿಸಲ್ಲಪ್ಪ," ಎನ್ನುತ್ತಾರೆ ಗುಡ್ಡದಣ್ಣ. "ಕೇಳ್ತೀನಿ ಅಷ್ಟೆ. ಅಲುಗಾಡದೆ ಕೂತು ಕೇಳಿಸ್ಕೊಳ್ತಾರೆ. ಅಂಥ ಭಾಗ್ಯ ಎಷ್ಟು ಜನಕ್ಕಿದೆ?"

ಗೆದ್ದವರಿಗೆ ಬಹುಮಾನ ವರ್ಷವಿಡೀ ಉಚಿತ ಕ್ಷೌರ. ಒಮ್ಮೆ ಗೆದ್ದ ಮೇಷ್ಟ್ರ ತಲೆ ಅಂಗೈಯಷ್ಟು ನುಣುಪು. ಬಹುಮಾನ ಬಿಡಬಾರದೆಂದು ಅವರು ತಿಂಗಳು ತಿಂಗಳೂ ಬಂದು, ಸರದಿಗೆ ಕಾದು, ಬರೀ ತಲೆ ಒರೆಸಿಸಿಕೊಂಡು ಹೋದರು.

ಆದರೆ ಈ ಸಲ ಗುಡ್ಡದಣ್ಣನ ಮುಖದಲ್ಲಿ ನಗುವಿಲ್ಲ. ಗುಡ್ಡದ ಇಳಿಜಾರು, ಬೀದಿಗೆಲ್ಲ ದೊಡ್ಡಮ್ಮ ಎನಿಸಿಕೊಂಡ ವಿಧವೆಯೊಬ್ಬರಿಗೆ ಸೇರಿದ್ದು. ಮಿಕ್ಕ ಕಡೆಯೆಲ್ಲ ಕಡಿದಾದ ಬಂಡೆ. ದೊಡ್ಡಮ್ಮನ ಗೇಟು ಮುಚ್ಚಿದರೆ ಹತ್ತಿದವರಿಗೆ ಇಳಿಯಲು ದಾರಿಯಿಲ್ಲ, ಪಂದ್ಯವೂ ಇಲ್ಲ.

ಕಳೆದ ವರ್ಷ ದಾರಿ ತೋರಿಸಲು ಅಂಗಡಿಯ ಸವೆದ ಬಿಳಿ ಬಟ್ಟೆಗಳನ್ನೇ ಹರಿದು ಕಟ್ಟಿದ್ದರು. ಅದೇ ಹೊತ್ತಿಗೆ ದೊಡ್ಡಮ್ಮ ಹಿತ್ತಲಲ್ಲಿ ಬಿಳಿ ಬಟ್ಟೆ ಒಗೆದು ಒಣಹಾಕಿದ್ದರು. ಮುಂದಿದ್ದವನು ಅದನ್ನೇ ಗುರುತೆಂದು ತಿರುಗಿದ. ಮುಂದಿನ ಕುರಿ ಹಾರಿದಲ್ಲಿಗೇ ತಾನೇ ಹಿಂಡು? ಇಡೀ ಪಂದ್ಯ ಬೀನ್ಸ್ ಮಡಿಗಳನ್ನು ತುಳಿದು ಅಡುಗೆಮನೆಯ ಬಾಗಿಲಿಗೆ ಬಂತು.

"ಒಬ್ಬ ನನ್ನ ದುಪ್ಪಟಿ ಹೊದ್ಕೊಂಡೇ ಒಳಗೆ ನುಗ್ಗಿದ," ಎನ್ನುತ್ತಾರೆ ದೊಡ್ಡಮ್ಮ. "ಅಜ್ಜಿ, ಮುಗಿಯೋ ಜಾಗ ಎಲ್ಲಿ ಅಂದ. ಇಲ್ಲೇ ಅಂತ ಸೌಟಲ್ಲಿ ಒಂದು ಕೊಟ್ಟೆ."

ಗುಡ್ಡದಣ್ಣ ವರ್ಷವಿಡೀ ಅವರ ಜಗಲಿಗೆ ಎಡತಾಕಿದರು. ಕೊನೆಗೆ ಒಂದೇ ಒಂದು ಅವಕಾಶ ಸಿಕ್ಕಿತು: ಈ ಸಲ ಒಂದು ಚಕ್ರ ಹಿತ್ತಲಿಗೆ ಬಂದರೂ ಗೇಟಿಗೆ ಶಾಶ್ವತವಾಗಿ ಬೀಗ.

"ಅವತ್ತೊಂದಿನ ಬಟ್ಟೆ ಒಗೀಬೇಡಿ ದೊಡ್ಡಮ್ಮ," ಎಂದು ಕೇಳಿಯೂ ನೋಡಿದರು.

"ನಿನ್ನ ಸೈಕಲ್ಲಿಗೋಸ್ಕರ ನಾನು ಕೊಳೆ ಸೀರೆ ಉಟ್ಕೊಂಡು ಕೂರ್ಲೇನೋ?"

ಆಗ ಪಟ್ಟಿಗಳ ಬಣ್ಣ ಬದಲಿಸುವ ಯೋಚನೆ ಬಂತು. ಮೊದಲು ಅಂಗಡಿಯಲ್ಲಿ ಉಳಿದ ತಲೆಗೂದಲಿನ ಬಣ್ಣದಲ್ಲಿ ಅದ್ದಿದರು. ಕಪ್ಪು ಪಟ್ಟಿ ಮರದ ನೆರಳಲ್ಲಿ ಕಟ್ಟಿದವರಿಗೇ ಕಾಣಲಿಲ್ಲ. ಆಮೇಲೆ ಪರದೆಯ ಸರದಿ.

ಬಿಸಿಲೇರುವ ಹೊತ್ತಿಗೆ ಪಂದ್ಯ ಹೊರಡುತ್ತದೆ. ದೊಡ್ಡಮ್ಮ ಕುರ್ಚಿ ಹಾಕಿಕೊಂಡು ಹಿತ್ತಲ ಬೇಲಿಯ ಪಕ್ಕ ಕೂತಿದ್ದಾರೆ. ಅದೇ ತಿರುವಿನಲ್ಲಿ ನಿಂತವರು ಬ್ಯಾಂಕಿನ ಗುಮಾಸ್ತ. ಗುಡ್ಡದಣ್ಣ ಮೇಲಿನ ಬಂಡೆಯಿಂದ ಎಲ್ಲವನ್ನೂ ನೋಡುತ್ತಿದ್ದಾರೆ. ಕೂಗಿದರೆ ಸೈಕಲ್ಲಿನವರಿಗೆ ಕೇಳದು, ಓಡಿದರೆ ತಲುಪಲಾಗದು. ಮಿಕ್ಕಿದ್ದು ದೇವರಿಗೆ ಬಿಟ್ಟದ್ದು.

ಮೊದಲ ಸೈಕಲ್ ಧೂಳೆಬ್ಬಿಸಿ ಇಳಿದದ್ದೇ ಗುಮಾಸ್ತರಿಗೆ ಫೋಟೋ ತೆಗೆಯುವ ಆಸೆ ಹುಟ್ಟುತ್ತದೆ. ಫೋನ್ ಎತ್ತಿ ಎರಡು ಹೆಜ್ಜೆ ಹಿಂದೆ ಸರಿದು, ಸರಿಯಾಗಿ ಕಿತ್ತಳೆ ಪಟ್ಟಿಯ ಮುಂದೆ ನಿಲ್ಲುತ್ತಾರೆ. ಆಸಾಮಿ ಸಾಕಷ್ಟು ದಪ್ಪ. ಪಟ್ಟಿ ಮಾಯ. ಸೈಕಲ್ ಹಿತ್ತಲಿನ ಕಡೆಗೆ ವಾಲುತ್ತದೆ. ಗುಡ್ಡದಣ್ಣ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಏಯ್, ಬಲಕ್ಕೋ ಬಲಕ್ಕೆ. ಕಣ್ಣೇನು ಜೇಬಲ್ಲಿಟ್ಕೊಂಡಿದ್ದೀಯಾ?"

ಕಣ್ಣು ಬಿಟ್ಟರೆ ದೊಡ್ಡಮ್ಮ ಬೇಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದಾರೆ. ಸೈಕಲ್ ಬೇಲಿಯನ್ನು ಸವರಿಕೊಂಡು ಬಲಕ್ಕೆ ಹೊರಳುತ್ತದೆ. ಎರಡನೆಯವನು ಬರುವಷ್ಟರಲ್ಲಿ ಅವರು ಗುಮಾಸ್ತರನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿಯಾಗಿದೆ. "ನೀವಿಲ್ಲಿ ಕೂತ್ಕೊಳ್ಳಿ ಸ್ವಾಮಿ, ಬ್ಯಾಂಕಲ್ಲಿ ಕೂತ ಹಾಗೆ." ಅಲ್ಲಿಂದ ಮುಂದೆ ಬಂದ ಒಬ್ಬೊಬ್ಬರಿಗೂ ದಾರಿಯ ಜೊತೆಗೆ ಒಂದೊಂದು ಬೈಗುಳ.

ಕಟ್ಟಕಡೆಗೆ, ಉಳಿದವರೆಲ್ಲ ತಲುಪಿ ಸುಧಾರಿಸಿಕೊಂಡ ಮೇಲೆ, ಬೇಕರಿಯವನು ಸೈಕಲ್ ತಳ್ಳಿಕೊಂಡು ಬರುತ್ತಾನೆ.

"ಇನ್ನೆಷ್ಟು ದೂರ ಅಜ್ಜಿ?"

"ಇಲ್ಲೇ, ಹತ್ತಿರಾನೇ." ಅವನು ದಾಟಿ ಹೋದ ಮೇಲೆ ತಗ್ಗಿದ ದನಿಯಲ್ಲಿ, "ದೂರಾನೇ ಇದೆ. ಪಾಪ, ಹೇಳಿದ್ರೆ ಕೂತ್ಬಿಡ್ತಾನೆ."

ಗುಡ್ಡದಣ್ಣ ಕೆಳಗಿಳಿದು ಬಂದು ಕೈಕಟ್ಟಿ ನಿಲ್ಲುತ್ತಾರೆ.

"ಏನೋ ನೋಡ್ತೀಯಾ?" ಎನ್ನುತ್ತಾರೆ ದೊಡ್ಡಮ್ಮ. "ಮುಂದಿನ ವರ್ಷ ಇಲ್ಲಿ ಬೇರೆ ಯಾರನ್ನಾದ್ರೂ ನಿಲ್ಲಿಸಿದ್ರೆ ನೋಡು. ಇದು ನನ್ನ ತಿರುವು."

ಮಧ್ಯಾಹ್ನದ ಹೊತ್ತಿಗೆ ಗುಡ್ಡದಣ್ಣ ಒಂದು ಏಣಿಯನ್ನು ಹೆಗಲಿಗೇರಿಸಿ ಮನೆಗೆ ಹೊರಟಿದ್ದಾರೆ. ಇನ್ನೊಂದು ಹೆಂಡತಿಯ ಹೆಗಲ ಮೇಲಿದೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಇಷ್ಟು ವರ್ಷ ಪಂದ್ಯ ನಡೆಸಿದ್ದೀನಿ, ಒಂದ್ಸಲಾನೂ ಅದ್ರಲ್ಲಿ ಸೈಕಲ್ ಓಡಿಸಿಲ್ಲ. ಗೆಲ್ಲೋದೆಲ್ಲ ಬೇಡ. ಎಲ್ಲರಿಗಿಂತ ಕೊನೇಲಿ ಬರ್ತೀನಿ. ದೊಡ್ಡಮ್ಮನ ಕೈಲಿ ಬೈಸ್ಕೊಂಡು ಬಲಕ್ಕೆ ತಿರುಗ್ಬೇಕು, ಅಷ್ಟೆ."