ಪಂಚಮಿಗೆ ಒಬ್ಬಳೇ ಹೋದದ್ದು

ಈ ಪ್ರಯಾಣದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ವಾರ ದಿನಚರಿ ಬರೆದಿಲ್ಲ. ಹಳಿಯಾಳದಿಂದ ಮುಂಡಗೋಡಕ್ಕೆ ಬಸ್ಸು ಕಲಘಟಗಿಯ ಮೇಲೆ ಹೋಯಿತೋ ಕಿರವತ್ತಿಯ ಮೇಲೋ, ಖಚಿತವಾಗಿ ಹೇಳಲಾರೆ. ಎಂಬತ್ತರ ದಶಕದ ಆರಂಭ, ನಾಗರ ಪಂಚಮಿಯ ಹಿಂದಿನ ದಿನ, ಮಳೆ ಹಿಡಿದಿತ್ತು, ಇಷ್ಟು ನಿಜ. ನನ್ನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಇದೂ ನಿಜ.

ಅಂಬಿಕಾನಗರದ ಕಾಲೊನಿಯಿಂದ ದಾಂಡೇಲಿಗೆ ಬೆಳಗಿನ ಬಸ್ಸು ಹತ್ತಿದೆ. ಗಂಡ ಪಾಳಿಗೆ ಹೋಗಿದ್ದ. ಕೆಲವು ದಿನಗಳ ಹಿಂದೆ ಅವನು ನನ್ನ ತೋಳನ್ನು ಬೆನ್ನ ಹಿಂದೆ ತಿರುಚಿದಾಗ ಪಕ್ಕದ ಕ್ವಾರ್ಟರ್ಸಿನ ರೇಡಿಯೊ ಜೋರಾಗಿತ್ತು. ಯಾವಾಗಲೂ ಹಾಗೆಯೇ ಆಗುತ್ತಿತ್ತು. ಮರುದಿನ ಆ ಮನೆಯಾಕೆ ಒಂದು ಬಟ್ಟಲು ಸಾರು ತಂದು ಹೊಸ್ತಿಲ ಮೇಲಿಟ್ಟು, ನನ್ನ ಮುಖ ನೋಡದೆ ಹೋದಳು. ಅವಳಿಂದ ಅಷ್ಟೇ ಆಗುತ್ತಿತ್ತೇನೋ. ಮುಂಡಗೋಡದ ಹತ್ತಿರ ಇಂದೂರಿನಲ್ಲಿ ಅಣ್ಣನ ಮನೆಯಿತ್ತು. ಅಲ್ಲಿಗೆ ಹೋಗಿ ಅಲ್ಲೇ ಉಳಿಯಬೇಕು ಎಂಬುದನ್ನು ಬಿಟ್ಟರೆ ನನ್ನಲ್ಲಿ ಬೇರೆ ಯೋಚನೆ ಇರಲಿಲ್ಲ.

ದಾಂಡೇಲಿಯಲ್ಲಿ ಬಸ್ಸು ಬದಲಿಸಿದೆ. ಮಳೆಯಲ್ಲೂ ಕಾಗದದ ಕಾರ್ಖಾನೆಯ ವಾಸನೆ ಇತ್ತು. ಹಳಿಯಾಳದ ನಿಲ್ದಾಣ ತವರಿಗೆ ಹೊರಟ ಹೆಣ್ಣುಮಕ್ಕಳಿಂದ ತುಂಬಿತ್ತು. ಒಬ್ಬೊಬ್ಬಳ ಪಕ್ಕದಲ್ಲೂ ಅಣ್ಣನೋ ತಮ್ಮನೋ ಚೀಲ ಹಿಡಿದು ನಿಂತಿದ್ದ. ಪಂಚಮಿಗೆ ಕರೆಯಲು ಅವನು ಬರಬೇಕು, ಹಬ್ಬ ಮುಗಿದ ಮೇಲೆ ಉಂಡಿ ಕಟ್ಟಿಸಿಕೊಂಡು ಅವನೇ ಬಿಟ್ಟು ಬರಬೇಕು. ನಾನು ಒಬ್ಬಳೇ ನಿಂತು ಚಹಾ ಕುಡಿದೆ. ಎದುರಿಗೆ ಧಾರವಾಡದ ಬಸ್ಸು ನಿಂತಿತ್ತು. ಅಲ್ಲಿ ಎಂ.ಎ.ಯಲ್ಲಿ ನನ್ನ ಜೊತೆ ಓದಿದ ಸರೋಜಾ ಬಾಡಿಗೆ ಕೋಣೆ ಹಿಡಿದು ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆಯ ದಿನ ಅವಳು, “ಯಾವಾಗ ಬೇಕಾದ್ರೂ ಬಾ, ಕಾರಣ ಕೇಳೂದಿಲ್ಲ” ಎಂದಿದ್ದಳು. ಅಂದು ಅದನ್ನು ತಮಾಷೆ ಎಂದುಕೊಂಡಿದ್ದೆ. ತವರು ಇರುವಾಗ ಗೆಳತಿಯ ಬಾಗಿಲು ತಟ್ಟಲು ನಾಚಿಕೆಯಾಗಿ ಮುಂಡಗೋಡದ ಬಸ್ಸನ್ನೇ ಹತ್ತಿದೆ.

ಪಕ್ಕದ ಸೀಟಿನಲ್ಲಿ ಕೂತ ಮುದುಕಿ ಎಲೆ ಅಡಿಕೆ ಮೆಲ್ಲುತ್ತ ವಿಚಾರಿಸಿದಳು.

“ಒಬ್ಬಾಕಿನ ಹೊಂಟೀಯಲ್ಲವಾ, ಅಣ್ಣ ಕರಿಯಾಕ ಬರ್ಲಿಲ್ಲೇನು?”

“ಮಳಿ ಅಂತ ಬಂದಿಲ್ಲರಿ.”

“ಮಳ್ಯಾಗ ಕರಗತಾನೇನು? ಬೆಲ್ಲ ಅದಾನ?” ಎಂದು ನಕ್ಕಳು. ನಾನೂ ನಕ್ಕೆ. ಬಸ್ಸು ಕುಲುಕಿದಾಗ ಮೇಲಿನ ಸರಳು ಹಿಡಿಯಲು ಹೋಗಿ ನಾನು ನರಳಿದ್ದನ್ನು ಅವಳು ನೋಡಿದಳು. ಆಮೇಲೆ ದಾರಿಯುದ್ದಕ್ಕೂ ನನ್ನ ಚೀಲ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಇಂದೂರು ಸೇರಿದಾಗ ಸಂಜೆಯಾಗಿತ್ತು. ಅಣ್ಣ ಅಂಗಳದಲ್ಲೇ ನಿಂತು, “ಶಕ್ಕೂ, ನಾನ ಬರಾಂವ ಇದ್ದೆ. ನಾಟಿ ಮುಗೀಲಿಲ್ಲ ನೋಡು” ಎಂದ. ಎಷ್ಟೋ ಪಂಚಮಿಗಳಿಂದ ಅವನು ಬಂದಿರಲಿಲ್ಲ. ಅವನ ಹೆಂಡತಿ, ನನ್ನ ವೈನಿ, ಒಲೆಯ ಮುಂದೆ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಡಗೈಯಿಂದ ಕಟ್ಟಲು ನೋಡಿದೆ, ಎಲ್ಲ ಪುಡಿಯಾದವು.

“ನಾ ತಿರುಗಿ ಹೋಗೂದಿಲ್ಲ, ವೈನಿ.”

“ಹಬ್ಬದಾಗ ಹಂಗ ಅನಬ್ಯಾಡ” ಎಂದು ಅವಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ಹಬ್ಬದ ದಿನವೂ ಮಳೆ ನಿಲ್ಲದ್ದರಿಂದ ಜೋಕಾಲಿಯನ್ನು ಪಡಸಾಲೆಯ ತೊಲೆಗೆ ಕಟ್ಟಿದ್ದರು. ಓಣಿಯ ಹುಡುಗಿಯರು ಆಡಿದ ಮೇಲೆ ನನ್ನನ್ನೂ ಕೂರಿಸಿದರು. ಅಣ್ಣ ಹಿಂದಿನಿಂದ ತೂಗಿದ.

“ಎರಡೂ ಕೈಲೆ ಹಿಡಿ, ಬಿದ್ದೀ” ಎಂದ.

ಬಲಗೈಯನ್ನು ಹಗ್ಗದತ್ತ ಎತ್ತಲು ನೋಡಿದೆ. ಅದು ಅರ್ಧಕ್ಕೇ ನಿಂತಿತು. ಸೆರಗು ಜಾರಿ ತೋಳಿನ ಮೇಲಿನ ನೀಲಿ ಬೆರಳಚ್ಚುಗಳು ಕಂಡವು. ಜೋಕಾಲಿ ತಟ್ಟನೆ ನಿಂತಿತು. ಅಣ್ಣ ಎರಡೂ ಹಗ್ಗ ಗಟ್ಟಿಯಾಗಿ ಹಿಡಿದು ನಿಂತಿದ್ದ. ಅವನ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಈ ಉಸಿರನ್ನು ನಾನು ಆಮೇಲೆ ಸೇರಿಸಿಕೊಂಡೆನೇ ಎಂದು ಹಲವು ಸಲ ಯೋಚಿಸಿದ್ದೇನೆ. ಜೋಕಾಲಿ ನಿಂತದ್ದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅಂದು ಸಂಜೆ ವೈನಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಭುಜ ತಿಕ್ಕಿದಳು. “ನಿಮ್ಮಣ್ಣ ಹೇಳ್ಯಾರ” ಎಂದಳು. ಇಲ್ಲಿ ಉಳಿಯಬಹುದು ಅನ್ನಿಸಿತು.

ಬೆಳಿಗ್ಗೆ ಬಾಗಿಲ ಬಳಿ ನನ್ನ ಚೀಲವಿತ್ತು, ಅದರ ಮೇಲೆ ಉಂಡಿಯ ಡಬ್ಬಿ.

“ನಡಿ, ನಾನ ಬಿಟ್ಟು ಬರ್ತೇನಿ” ಎಂದ ಅಣ್ಣ.

ಹಳಿಯಾಳದವರೆಗೆ ಅವನು ಭತ್ತದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಿಲ್ದಾಣದಲ್ಲಿ ಇಳಿದಾಗ ನಾನೇ ಹೇಳಿದೆ: “ಅಂವ ನನ್ನ ಹೊಡೀತಾನ, ಅಣ್ಣಾ.”

“ಗಂಡ ಹೆಂಡತಿ ನಡುವಿಂದು ನನಗೇನು ಗೊತ್ತಾಗತೈತಿ? ನಾ ಏನೂ ನೋಡಿಲ್ಲ, ಏನೂ ಗೊತ್ತಿಲ್ಲ. ದಾಂಡೇಲಿ ಬಸ್ ಬಂತು, ಹೋಗೂಣು ಬಾ.”

ಅವನು ಉಂಡಿಯ ಡಬ್ಬಿ ಹಿಡಿದು ಮುಂದೆ ಹೋಗಿ ಆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ. ನಾನು ಚೀಲ ಎಡಗೈಗೆ ತೆಗೆದುಕೊಂಡು ಧಾರವಾಡದ ಬಸ್ಸು ಹತ್ತಿದೆ. ನನ್ನನ್ನು ಹುಡುಕಿಕೊಂಡು ಅವನು ಕಿಟಕಿಯ ಹತ್ತಿರ ಬಂದು ನಿಂತ. ಡಬ್ಬಿಯನ್ನು ಒಳಗೆ ಚಾಚಿದ.

ಆ ಡಬ್ಬಿ ಈಗಲೂ ಸರೋಜಾಳ ಅಡುಗೆಮನೆಯಲ್ಲಿದೆ. ಕೈ ಒಂದಿಷ್ಟು ವಾಸಿಯಾಗಿದೆ, ಪೂರ್ತಿ ಇಲ್ಲ. ಪ್ರತಿ ಪಂಚಮಿಗೆ ಅಣ್ಣ ಯಾರ ಕೈಯಲ್ಲಾದರೂ ಉಂಡಿ ಕಳಿಸುತ್ತಾನೆ; ತಾನು ಬರುವುದಿಲ್ಲ. ಅಂದು ಬಸ್ಸು ಹಿಂದಕ್ಕೆ ಸರಿದಾಗ ಅವನು ಕೊಡೆ ಬಿಚ್ಚದೆ ಮಳೆಯಲ್ಲಿ ನಿಂತಿದ್ದ. ಆಗ ನಾನು ಕಿಟಕಿಯಿಂದ ಕೇಳಿದೆ:

“ಏನೂ ನೋಡಿಲ್ಲ ಅಂದ್ರ, ಜೋಕಾಲಿ ಯಾಕ ನಿಲ್ಲಿಸಿದಿ, ಅಣ್ಣಾ?”